ಚೌಕ ಪ್ರಭಾವಳಿಯ ಪಾಠ

ರೋಮ್ ನಗರದ ಸಾಂತಾ ಪ್ರಸ್ಸೆದೆ ದೇವಾಲಯದ ಬಲಿಪೀಠದ ಹಿಂಬದಿಯ ಅರ್ಧಗುಮ್ಮಟದಲ್ಲಿ 9ನೇ ಶತಮಾನದ ಮೊಸಾಯಿಕ್ ಚಿತ್ರವೊಂದಿದೆ. ನಡುವೆ ಕ್ರಿಸ್ತರು, ಅವರ ಇಕ್ಕೆಲಗಳಲ್ಲಿ ಪ್ರೇಷಿತರಾದ ಪೇತ್ರ, ಪೌಲರೂ ಇತರ ಸಂತರೂ ನಿಂತಿದ್ದಾರೆ. ಸಂತರ ತಲೆಯ ಹಿಂದಿರುವ ಪ್ರಭಾವಳಿ ದುಂಡನೆಯದು. ಎಡತುದಿಯಲ್ಲಿ ದೇವಾಲಯದ ಮಾದರಿಯನ್ನು ಹಿಡಿದು ನಿಂತಿರುವವರು ಅದನ್ನು ಕಟ್ಟಿಸಿದ ಜಗದ್ಗುರು ಒಂದನೆಯ ಪಾಸ್ಕಲ್ (817–824). ಅವರ ಪ್ರಭಾವಳಿ ಮಾತ್ರ ಚೌಕ. ಅದೇ ದೇವಾಲಯದ ಸಂತ ಜೆನೋ ಪ್ರಾರ್ಥನಾಲಯದಲ್ಲಿ ಅವರ ತಾಯಿ ತೆಯೊದೋರಾ ಅವರ ಚಿತ್ರಕ್ಕೂ ಇಂಥದೇ ಚೌಕವಿದೆ. ಈ ವ್ಯತ್ಯಾಸದ ಅರ್ಥವೇನು?

ಪ್ರಭಾವಳಿಯು ಕ್ರೈಸ್ತರೇ ಕಂಡುಕೊಂಡ ಚಿಹ್ನೆಯಲ್ಲ. ಸೂರ್ಯದೇವತೆಯ ಹಾಗೂ ರೋಮನ್ ಚಕ್ರವರ್ತಿಗಳ ಚಿತ್ರಗಳಲ್ಲಿದ್ದ ಅದನ್ನು ಕ್ರೈಸ್ತ ಕಲೆ ಮೊದಲು ಕ್ರಿಸ್ತರಿಗೆ, ಬಳಿಕ ದೇವದೂತರಿಗೂ ಸಂತರಿಗೂ ಬಳಸಿತು. ಕ್ರಿಸ್ತರ ಪ್ರಭಾವಳಿಯೊಳಗೆ ಶಿಲುಬೆಯನ್ನು ಮೂಡಿಸುವ ರೂಢಿಯೂ ಬೆಳೆಯಿತು. ಸಂತರ ಬೆಳಕು ಅವರ ಸ್ವಂತದ್ದಲ್ಲ, ಕ್ರಿಸ್ತರಿಂದ ಪಡೆದದ್ದು. ಚೌಕವಾದರೋ ಚಿತ್ರ ರಚನೆಯಾದಾಗ ಜೀವಂತರಿದ್ದವರ ಗುರುತು. 13ನೇ ಶತಮಾನದಲ್ಲಿ ಆರಾಧನಾವಿಧಿಗಳನ್ನು ವಿವರಿಸಿದ ಬಿಷಪ್ ದುರಾಂದುಸ್ ಅವರೂ ಇದನ್ನು ಹೀಗೆಯೇ ತಿಳಿಸುತ್ತಾರೆ. ವೃತ್ತವು ಸ್ವರ್ಗವನ್ನೂ, ನಾಲ್ಕು ಮೂಲೆಗಳ ಚೌಕವು ಭೂಮಿಯನ್ನೂ ಸೂಚಿಸುತ್ತದೆಂಬುದು ವಾಡಿಕೆಯ ವ್ಯಾಖ್ಯಾನ.

ಇಲ್ಲಿ ಪೌಲರ ಎರಡು ಮಾತುಗಳು ಕೂಡಿ ಬರುತ್ತವೆ. ಕೊರಿಂಥದ ವಿಶ್ವಾಸಿಗಳನ್ನು, ಅವರ ಜಗಳಗಳನ್ನು ಬಲ್ಲವರಾಗಿಯೂ, ಅವರು ಪವಿತ್ರರೆಂದು ಕರೆಯುತ್ತಾರೆ. ಆದರೆ ಫಿಲಿಪ್ಪಿಯರಿಗೆ ಬರೆಯುವಾಗ, ತಾವಿನ್ನೂ ಗುರಿ ಮುಟ್ಟಿಲ್ಲ, ಅದರತ್ತ ಓಡುತ್ತಿದ್ದೇವೆಂದು ಒಪ್ಪಿಕೊಳ್ಳುತ್ತಾರೆ. ಪಾವನತೆ ಜ್ಞಾನಸ್ನಾನದಲ್ಲಿ ದೊರೆತ ವರ. ಕೊನೆಯವರೆಗೆ ಉಳಿಸಿ ಬೆಳೆಸಬೇಕಾದ ಕರೆಯೂ ಹೌದು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 'ಲೂಮೆನ್ ಜೆನ್ಸಿಯುಮ್' ಸಂವಿಧಾನದ ಐದನೆಯ ಅಧ್ಯಾಯದಲ್ಲಿ ಈ ಕರೆ ಸರ್ವರಿಗೂ ಇದೆಯೆಂದು ಬೋಧಿಸಿತು. ಚೌಕವು ಆ ಕರೆಯನ್ನು ಅಲ್ಲಗಳೆಯುವುದಿಲ್ಲ. ಓಟ ಇನ್ನೂ ಮುಗಿದಿಲ್ಲವೆಂದು ನೆನಪಿಸುತ್ತದೆ.

ಭಕ್ತಿಯ ಆಚರಣೆಗೂ ಇದು ಸಂಬಂಧಿಸಿದ್ದು. ಚಿತ್ರಕ್ಕೆ ಸಲ್ಲಿಸಿದ ಗೌರವ ಅದರಲ್ಲಿ ಚಿತ್ರಿತರಾದವರಿಗೆ ಸಲ್ಲುತ್ತದೆ, ಆರಾಧನೆ ದೇವರೊಬ್ಬರಿಗೇ ಮೀಸಲು ಎಂದು 787ರ ಎರಡನೆಯ ನೀಸೇಯ ಮಹಾಸಭೆ ಸ್ಪಷ್ಟಪಡಿಸಿತು. ಆದ್ದರಿಂದ ಆ ಗೌರವ ಯಾರಿಗೆ ಸಲ್ಲಬೇಕೆಂಬುದು ಧರ್ಮಸಭೆಯ ವಿವೇಚನೆಗೆ ಸೇರಿದ ವಿಷಯ. ಧನ್ಯರೆಂದೋ ಸಂತರೆಂದೋ ಘೋಷಿತರಾಗದವರನ್ನು ಪ್ರಭಾವಳಿಯೊಡನೆ ಚಿತ್ರಿಸುವುದನ್ನು ಎಂಟನೆಯ ಉರ್ಬಾನರ ಕಾಲದಲ್ಲಿ, 1625ರಲ್ಲಿ ನಿಷೇಧಿಸಲಾಯಿತು.

ಮೆಚ್ಚಿನ ಗುರುಗಳು ನಿಧನರಾದೊಡನೆ ಅವರ ಭಾವಚಿತ್ರಕ್ಕೆ ಬೆಳಕಿನ ವಲಯ ಜೋಡಿಸಿ ಹಂಚಲು ಇಂದು ಒಂದು ಮೊಬೈಲ್ ಸಾಕು. ಜನರ ಪ್ರೀತಿಯನ್ನು ನಾವು ಹೀಗಳೆಯಬಾರದು. ಆದರೆ ಅಗಲಿದವರಿಗೆ ನಮ್ಮ ಪ್ರಾರ್ಥನೆ ಬೇಕಾಗಿರಬಹುದು. ಅವಸರದ ಪ್ರಭಾವಳಿ ಅವರಿಂದ ಆ ನೆರವನ್ನು ಕಸಿದುಕೊಳ್ಳುತ್ತದೆ. ಇದನ್ನು ಕನಿಕರದಿಂದ ತಿಳಿಹೇಳುವುದು ಪಾಲಕರ ಹೊಣೆ.

ಪಾಸ್ಕಲರನ್ನು ಮುಂದೆ ಸಂತರೆಂದು ಗೌರವಿಸಲಾಯಿತು. ಆದರೂ ಮೊಸಾಯಿಕ್‌ನಲ್ಲಿ ಅವರ ಚೌಕ ಹಾಗೆಯೇ ಉಳಿದಿದೆ. ಬಲಿಪೀಠದ ಬಳಿ ನಿಲ್ಲುವ ನಮಗೂ ಸದ್ಯಕ್ಕೆ ಒಪ್ಪುವುದು ಅದೇ.