ಮನೆಯಲ್ಲೇ ಮಾಡಿದ ಕೊಯ್ಯುವ ಯಂತ್ರಕ್ಕೆ ಯಾವ ಸಾಫ್ಟ್‌ವೇರ್?

ಎಡೆಕುಂಟೆಯ ಕುಡ, ಕೂರಿಗೆ ತಾಳಿಗೆ ಹಾಕುವ ಪಟ್ಟಿ, ಬೋಲ್ಟಿನಡಿಯ ಬಿಲ್ಲೆ. ಒಣಬೇಸಾಯದವರಿಗೆ ಇವೆಲ್ಲ ತುರ್ತಾಗಿ ಬೇಕಾಗೋದು ಮಳೆ ಬಿದ್ದ ಮೇಲಿನ ನಾಲ್ಕೈದು ದಿನದಲ್ಲಿ. ಆವಾಗಲೇ ಪೇಟೆಯ ವರ್ಕ್‌ಶಾಪಿನಲ್ಲಿ ಸರದಿ ಹಚ್ಚಬೇಕು. ನಮ್ಮ ಸರದಿ ಬರುವ ತನಕ ಹದ ಕಾಯೋದಿಲ್ಲ. ಅದಕ್ಕೇ ನಾವು ಐದು ಮನೆಯವರು ಕೂಡಿ, ಚೌಕ ಪೈಪಿನಲ್ಲಿ 4 ಅಡಿಗೆ 4 ಅಡಿ ಮೇಜು ಬೆಸೆದು, ಮೋಟಾರು ಕೂಡಿಸಿ, ಪ್ಲಾಸ್ಮಾ ಟಾರ್ಚು ಕಟ್ಟಿ, ಕಂಪ್ಯೂಟರ್ ಹೇಳಿದಂತೆ ತಗಡು ಕೊಯ್ಯುವ ಯಂತ್ರ ಮಾಡಿಕೊಂಡೆವು.

ಬೆಸುಗೆ ಬಲ್ಲವರಿಗೆ ಚೌಕಟ್ಟು ದೊಡ್ಡ ಕೆಲಸವಲ್ಲ. ತಲೆ ತಿನ್ನೋದು ಸಾಫ್ಟ್‌ವೇರ್ ಆಯ್ಕೆ. ಅದರ ಬಗ್ಗೆ ಮಾತ್ರ ಇಲ್ಲಿ ಬರೆದಿದ್ದೇನೆ.

ಕೆಲಸ ಮೂರು, ಸಾಫ್ಟ್‌ವೇರೂ ಮೂರು

ಒಂದೇ ಸಾಫ್ಟ್‌ವೇರ್ ಎಲ್ಲಾ ಮಾಡ್ತದೆ ಅಂತ ಬಹಳ ಮಂದಿ ತಿಳಿದಿದ್ದಾರೆ. ಹಂಗಲ್ಲ. ಮೊದಲನೆಯದು ಚಿತ್ರ ಬರೆಯೋದು. ಇದಕ್ಕೆ ಇಂಕ್‌ಸ್ಕೇಪ್, ಫ್ರೀಕ್ಯಾಡ್ ಪುಕ್ಕಟೆ ಸಿಗುತ್ತವೆ. ಎರಡನೆಯದು ಟಾರ್ಚು ಹೋಗುವ ದಾರಿ ಹಾಕೋದು. ಟಾರ್ಚಿನ ಕಿಡಿ ತಾನೇ ಒಂದೂವರೆ ಮಿಲಿಮೀಟರಿನ ಆಸುಪಾಸು ಲೋಹ ತಿನ್ನುತ್ತದೆ. ಅದರ ಅರ್ಧದಷ್ಟು ದಾರಿಯನ್ನು ಗೆರೆಯಿಂದ ಆಚೆ ಸರಿಸಬೇಕು. ಇಲ್ಲದಿದ್ರೆ ಕುಡ ಸಣ್ಣದು, ತೂತು ದೊಡ್ಡದು. ಈ ದಾರಿಯನ್ನು ಜಿ-ಕೋಡ್ ಎಂಬ ಸಾಲುಗಳಲ್ಲಿ ಬರೆದಿಡುತ್ತದೆ. ಜಿ0 ಅಂದ್ರೆ ಕೊಯ್ಯದೆ ಬೇಗ ಓಡು, ಜಿ1 ಅಂದ್ರೆ ನೆಟ್ಟಗೆ ಕೊಯ್ಯಿ, ಜಿ2 ಮತ್ತು ಜಿ3 ಅಂದ್ರೆ ದುಂಡಗೆ ತಿರುಗು. ಎಂ3ಕ್ಕೆ ಟಾರ್ಚು ಹೊತ್ತುತ್ತದೆ, ಎಂ5ಕ್ಕೆ ಆರುತ್ತದೆ. ಮೂರನೆಯದು ಆ ಸಾಲು ಓದಿ ಮೋಟಾರು ತಿರುಗಿಸುವ ಕಂಟ್ರೋಲ್ ಸಾಫ್ಟ್‌ವೇರ್. ಗೊಂದಲವೆಲ್ಲ ಈ ಮೂರನೆಯದರಲ್ಲೇ.

ಕಾಳು ಬಿಡುವ ಕೈ

ನಮ್ಮ ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಇಡುವಂಥದ್ದು. ಡ್ರೈವರ್ ಒಂದೊಂದು ಹೆಜ್ಜೆಯನ್ನು 8 ಪಾಲು ಮಾಡಿದರೆ 1,600 ಆಯಿತು. ಸ್ಕ್ರೂ ಒಂದು ಸುತ್ತಿಗೆ 5 ಮಿಲಿಮೀಟರ್ ಮುಂದೆ ಹೋದರೆ ಮಿಲಿಮೀಟರಿಗೆ 320 ಮಿಡಿತ. ನಿಮಿಷಕ್ಕೆ 3 ಮೀಟರ್ ವೇಗದಲ್ಲಿ ಕೊಯ್ಯಬೇಕಂದ್ರೆ ಸೆಕೆಂಡಿಗೆ 16,000 ಮಿಡಿತ ಕಳಿಸಬೇಕು!

ಕೂರಿಗೆ ಹಿಂದೆ ಕಾಳು ಬಿಡುವಾಕೆ ಕ್ಷಣ ಮೈಮರೆತರೂ ಸಾಲಿನಲ್ಲಿ ಬೋಳು ಬೀಳುತ್ತದಲ್ಲ, ಇಲ್ಲೂ ಅಷ್ಟೇ. ಮಿಡಿತ ತಡವಾದರೆ ಮೋಟಾರು ಹೆಜ್ಜೆ ತಪ್ಪುತ್ತದೆ, ತಗಡು ಹಾಳಾಗುತ್ತದೆ. ಆದ್ದರಿಂದ ಸಾಫ್ಟ್‌ವೇರಿನ ಪರದೆ ಎಷ್ಟು ಚೆಂದ ಅಂತ ನೋಡಬೇಡಿ. ಮಿಡಿತ ಎಣಿಸುವವರು ಯಾರು ಅಂತ ಕೇಳಿ.

ಸಿಗುವ ಮೂರು ದಾರಿ

ಜಿಆರ್‌ಬಿಎಲ್: ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ 2009ರಲ್ಲಿ ಶುರು ಮಾಡಿದ್ದು. ಪುಕ್ಕಟೆ. ಅಂಗೈಯಗಲದ ಆರ್ಡುಯಿನೋ ಬೋರ್ಡಿನಲ್ಲಿ ಕೂತು ತಾನೇ ಎಣಿಸುತ್ತದೆ, ಸೆಕೆಂಡಿಗೆ 30,000 ಮಿಡಿತದವರೆಗೆ. ಕಂಪ್ಯೂಟರ್ ಬರೀ ಸಾಲು ಕಳಿಸಿದರೆ ಸಾಕು, ಲ್ಯಾಪ್‌ಟಾಪೂ ನಡೆಯುತ್ತದೆ. ಆದರೆ ಯುಎಸ್‌ಬಿ ತಂತಿ ಒಂದು ಸಲ ಬೆಚ್ಚಿಬಿದ್ದರೆ ಕೆಲಸ ನಡುವೆ ನಿಲ್ಲುತ್ತದೆ. ಹೈ-ಫ್ರೀಕ್ವೆನ್ಸಿ ಕಿಡಿಯಿಂದ ಹೊತ್ತುವ ಪ್ಲಾಸ್ಮಾ ಇದ್ದರೆ ಈ ಕಾಟ ಹೆಚ್ಚು. ಟಾರ್ಚಿನ ಎತ್ತರ ತಾನೇ ನೋಡಿಕೊಳ್ಳುವ ಏರ್ಪಾಡು ಮೂಲ ಜಿಆರ್‌ಬಿಎಲ್‌ನಲ್ಲಿ ಇಲ್ಲ. ಮರ ಕೆತ್ತುವವರಿಗೆ, ಸಣ್ಣ ತುಂಡು ಕೊಯ್ಯುವವರಿಗೆ ಇದು ಸಾಕು.

ಮಾಕ್3: ಹಣ ಕೊಟ್ಟು ಪರವಾನಗಿ ಪಡೆಯಬೇಕು. ವಿಂಡೋಸಿನಲ್ಲಿ ನಡೆಯುತ್ತದೆ, ಕಲಿಸಿಕೊಡುವವರು ಹೆಚ್ಚು. ಆದರೆ ಪ್ರಿಂಟರಿನ ಹಳೇ ಪ್ಯಾರಲೆಲ್ ಪೋರ್ಟಿನಿಂದ ನಡೆಸಬೇಕಂದ್ರೆ 32 ಬಿಟ್‌ನ ಹಳೇ ವಿಂಡೋಸ್ ಬೇಕು. 64 ಬಿಟ್‌ಗೆ ಬೇರೆ ಬೋರ್ಡು ಕೊಳ್ಳಬೇಕು. ಅಂಥ ಹಳೇ ಕಂಪ್ಯೂಟರ್ ಕೆಟ್ಟರೆ ಇನ್ನೊಂದು ಹುಡುಕೋದು ವರ್ಷ ವರ್ಷ ಕಷ್ಟವಾಗ್ತಿದೆ.

ಲಿನಕ್ಸ್‌ಸಿಎನ್‌ಸಿ: ಇದರ ಬೇರು ಅಮೆರಿಕ ಸರ್ಕಾರದ ಅಳತೆ-ಮಾನಕ ಸಂಸ್ಥೆಯಲ್ಲಿ 1990ರ ದಶಕದಲ್ಲಿ ನಡೆದ ಕೆಲಸ. ಪುಕ್ಕಟೆ. ಬೇರೆ ಕೆಲಸ ಎಷ್ಟಿದ್ದರೂ ಮಿಡಿತಕ್ಕೇ ಮೊದಲ ಮಣೆ ಹಾಕುವಂತೆ ಕಂಪ್ಯೂಟರನ್ನು ಪಳಗಿಸಿದ್ದಾರೆ. ಪ್ಲಾಸ್ಮಾಕ್ಕೆಂದೇ ಕ್ಯೂಟಿಪ್ಲಾಸ್ಮಾಸಿ ಎಂಬ ಭಾಗ ಇದೆ. ಕಾವಿಗೆ ತಗಡು ಉಬ್ಬಿದಾಗ ಟಾರ್ಚಿಗೂ ತಗಡಿಗೂ ಇರುವ ಅಂತರ ಬದಲಾಗಿ ಕಿಡಿಯ ವೋಲ್ಟೇಜೂ ಬದಲಾಗುತ್ತದೆ. ಅದನ್ನಳೆಯುವ ಉಪಕರಣ ಜೋಡಿಸಿದರೆ ಟಾರ್ಚು ತಾನೇ ಏರಿ ಇಳಿಯುತ್ತದೆ. ಕಲಿಯೋದು ಮಾತ್ರ ನಿಧಾನ, ಹದಿನೈದು ದಿನ ತಾಳ್ಮೆ ಬೇಕು.

ಕೊಳ್ಳುವ ಮುಂಚೆ ಪರೀಕ್ಷೆ

ಲಿನಕ್ಸ್‌ಸಿಎನ್‌ಸಿಗೆ ಹಳೇ ಡೆಸ್ಕ್‌ಟಾಪ್ ಒಳ್ಳೇದು, ಲ್ಯಾಪ್‌ಟಾಪ್ ಬೇಡ. ಕಂಪ್ಯೂಟರಿಗೆ ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ಪೆನ್‌ಡ್ರೈವಿನಿಂದ ಇದನ್ನು ನಡೆಸಿ, ಲೇಟೆನ್ಸಿ ಟೆಸ್ಟ್ ಹಾಕಿ. ಅದು ಓಡುವಾಗ ಕಿಟಕಿಗಳನ್ನು ತೆರೆದು ಮುಚ್ಚಿ, ದೊಡ್ಡ ಕಡತ ನಕಲು ಮಾಡಿ ಕಂಪ್ಯೂಟರನ್ನು ದಣಿಸಿ. ಕೆಲವು ನಿಮಿಷದ ನಂತರ ಗರಿಷ್ಠ ಅಂಕಿ 20,000 ನ್ಯಾನೋಸೆಕೆಂಡ್ ಒಳಗಿದ್ದರೆ ಕಣ್ಣುಮುಚ್ಚಿ ಕೊಳ್ಳಿ. ಒಂದು ಲಕ್ಷ ದಾಟಿದರೆ ಬಿಟ್ಟುಬಿಡಿ, ಎಷ್ಟೇ ಅಗ್ಗವಿರಲಿ.

ಕರೆಂಟು ಹೋದರೆ?

ನಮ್ಮ ಹಳ್ಳಿಗಳಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಯುಪಿಎಸ್ ಕಂಪ್ಯೂಟರನ್ನು ಉಳಿಸುತ್ತದೆ, ಟಾರ್ಚನ್ನಲ್ಲ. ಮೋಟಾರಿಗೆ ಕರೆಂಟು ತಪ್ಪಿದರೆ ತಾನೆಲ್ಲಿದ್ದೆ ಅನ್ನೋದು ಯಂತ್ರಕ್ಕೆ ಮರೆತುಹೋಗುತ್ತದೆ. ಮೇಜಿನ ಮೂಲೆಗೆ ಹೋಮ್ ಸ್ವಿಚ್ ಇದ್ದರೆ ಮೊದಲಿನ ಜಾಗ ಮತ್ತೆ ಹಿಡಿಯಬಹುದು. ಜಿಆರ್‌ಬಿಎಲ್, ಲಿನಕ್ಸ್‌ಸಿಎನ್‌ಸಿ ಎರಡರಲ್ಲೂ ಈ ಅನುಕೂಲ ಇದೆ. ನಿಂತ ಸಾಲಿನಿಂದ ಮುಂದುವರಿಸುವ ಸೌಲಭ್ಯ ಕ್ಯೂಟಿಪ್ಲಾಸ್ಮಾಸಿಯಲ್ಲಿದೆ. ಅರ್ಧ ಕೊಯ್ದ ತಗಡು ಗುಜರಿಗೆ ಹೋಗೋದು ಇದರಿಂದ ತಪ್ಪುತ್ತದೆ.

ಪ್ಲಾಸ್ಮಾ ಇರುವುದರಿಂದ, ಕರೆಂಟು ನಂಬುವಂತಿಲ್ಲದ್ದರಿಂದ, ನಾವು ಐದು ಮನೆಯವರು ಲಿನಕ್ಸ್‌ಸಿಎನ್‌ಸಿಯನ್ನೇ ಆರಿಸಿದೆವು. ನೀವು ಬೇರೆ ಆರಿಸಿದರೂ ಚಿಂತೆಯಿಲ್ಲ. ಜಿ-ಕೋಡ್ ಬಹುಪಾಲು ಎಲ್ಲದಕ್ಕೂ ಒಂದೇ. ನಾಳೆ ಬದಲಿಸಿದರೆ ಅಲ್ಲಲ್ಲಿ ತಿದ್ದಬೇಕಾದೀತು, ಚಿತ್ರಗಳು ದಂಡವಾಗೋದಿಲ್ಲ.

ಕೊನೆಗೆ ಎರಡು ಮಾತು. ತುರ್ತು ನಿಲುಗಡೆ ಗುಂಡಿಯನ್ನು ಸಾಫ್ಟ್‌ವೇರಿನ ಮೇಲೆ ಬಿಡಬೇಡಿ. ಗುಂಡಿ ಒತ್ತಿದರೆ ಮೋಟಾರು, ಟಾರ್ಚು ಎರಡರ ಕರೆಂಟೂ ತಂತಿಯಲ್ಲೇ ಕಡಿಯುವಂತಿರಲಿ. ಇನ್ನು, ಹೊಂದಿಸಿದ ಎಲ್ಲಾ ಅಂಕಿ-ಅಂಶ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಕಡತದ ನಕಲನ್ನು ಇನ್ನೊಬ್ಬರ ಮನೆಯಲ್ಲಿಡಿ. ಬಿತ್ತಿಗೆ ಹೊತ್ತಿನಲ್ಲಿ ಕಂಪ್ಯೂಟರ್ ಕೆಟ್ಟರೂ ಕುಂಟೆ ನಿಲ್ಲಬಾರದು.