ವೇತನ ಒಪ್ಪಂದದಲ್ಲಿ ಸುರಕ್ಷತೆಯ ಕಲಮುಗಳು

ಕಾರ್ಮಿಕ ಸಂಘದೊಡನೆ ಮಾಡಿಕೊಳ್ಳುವ ಒಪ್ಪಂದವೆಂದರೆ ಮೂಲವೇತನ, ತುಟ್ಟಿಭತ್ಯೆ ಹಾಗೂ ಬೋನಸ್ಸಿನ ಚೌಕಾಸಿ ಎಂಬುದೇ ಸಣ್ಣ ಕೈಗಾರಿಕೆಗಳಲ್ಲಿ ಸಾಮಾನ್ಯ ತಿಳಿವಳಿಕೆ. ಆರೋಗ್ಯ ಮತ್ತು ಸುರಕ್ಷತೆಯ ವಿಷಯವು ಕಡೆಯ ಪುಟದಲ್ಲಿ ‘ಕಾನೂನಿನಂತೆ ಪಾಲಿಸತಕ್ಕದ್ದು’ ಎಂಬ ಒಂದೇ ವಾಕ್ಯದಲ್ಲಿ ಮುಗಿಯುವುದುಂಟು. ಅಪಘಾತ ಸಂಭವಿಸಿದ ದಿನ ಆ ವಾಕ್ಯದಿಂದ ಮಾಲೀಕರಿಗಾಗಲಿ ಕಾರ್ಮಿಕರಿಗಾಗಲಿ ಪ್ರಯೋಜನವಿಲ್ಲ.

ಕಾನೂನಿನ ಚೌಕಟ್ಟು

1948ರ ಕಾರ್ಖಾನೆಗಳ ಕಾಯ್ದೆಯ ಸ್ಥಾನದಲ್ಲಿ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. 500 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಲ್ಲಿ, ಅಪಾಯಕಾರಿ ಪ್ರಕ್ರಿಯೆಯಿದ್ದರೆ 250 ಕಾರ್ಮಿಕರಿದ್ದಲ್ಲಿಯೇ, ಸುರಕ್ಷತಾ ಅಧಿಕಾರಿಯ ನೇಮಕ ಕಡ್ಡಾಯ. ಸುರಕ್ಷತಾ ಸಮಿತಿಯ ರಚನೆ ಸರ್ಕಾರದ ಆದೇಶಕ್ಕೆ ಒಳಪಟ್ಟಿದೆ. ಸಣ್ಣ ಘಟಕಗಳು ಈ ಮಿತಿಗಿಂತ ಕೆಳಗಿದ್ದರೂ ಅಪಾಯರಹಿತ ಕೆಲಸದ ಸ್ಥಳವನ್ನು ಒದಗಿಸುವ ಹೊಣೆಯಿಂದ ಮುಕ್ತವಲ್ಲ. ಸುರಕ್ಷತಾ ಸೌಲಭ್ಯಕ್ಕಾಗಿ ಕಾರ್ಮಿಕರಿಂದ ಹಣ ವಸೂಲು ಮಾಡುವಂತಿಲ್ಲ.

ಕರ್ತವ್ಯಲೋಪದಿಂದ ಸಾವು ಸಂಭವಿಸಿದರೆ 2 ವರ್ಷಗಳವರೆಗೆ ಸೆರೆವಾಸ, ಕನಿಷ್ಠ 5 ಲಕ್ಷ ರೂ. ದಂಡ ಅಥವಾ ಎರಡನ್ನೂ ವಿಧಿಸಬಹುದು. ದಂಡದ ಕನಿಷ್ಠ ಅರ್ಧಭಾಗವನ್ನು ಸಂತ್ರಸ್ತರಿಗೆ ಅಥವಾ ವಾರಸುದಾರರಿಗೆ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ.

ಒಪ್ಪಂದದಲ್ಲಿ ಇರಬೇಕಾದುವು

1. ಉಭಯ ಪಕ್ಷಗಳ ಸಮಾನ ಸದಸ್ಯರ ಸಮಿತಿ, ಸಭೆಯ ಅವಧಿ ಮತ್ತು ನಡವಳಿ ಪುಸ್ತಕ.

2. ವಿಭಾಗವಾರು ಸಾಧನಗಳ ಪಟ್ಟಿ ಹಾಗೂ ಅವುಗಳ ಬದಲಾವಣೆಯ ಅವಧಿ. ‘ಅಗತ್ಯವಿದ್ದಾಗ’ ಎಂಬ ಪದ ಮುಂದೆ ವಿವಾದಕ್ಕೆ ದಾರಿಯಾಗುತ್ತದೆ.

3. ಕೆಲಸಕ್ಕೆ ತಕ್ಕ ವೈದ್ಯಕೀಯ ತಪಾಸಣೆ: ಸದ್ದಿನ ವಿಭಾಗದಲ್ಲಿ ಶ್ರವಣ ಪರೀಕ್ಷೆ, ಧೂಳಿನ ವಿಭಾಗದಲ್ಲಿ ಶ್ವಾಸಕೋಶದ ಪರೀಕ್ಷೆ.

4. ಅಪಾಯವನ್ನು ವರದಿ ಮಾಡಿದ ಕಾರ್ಮಿಕನ ಮೇಲೆ ಶಿಸ್ತುಕ್ರಮ ಕೈಗೊಳ್ಳುವುದಿಲ್ಲವೆಂಬ ಭರವಸೆ.

5. ಯಂತ್ರದ ಗಾರ್ಡ್ ತೆಗೆಯದಿರುವುದು, ಕೊಟ್ಟ ಸಾಧನ ಧರಿಸುವುದು ಮುಂತಾದ ಕಾರ್ಮಿಕರ ಕರ್ತವ್ಯಗಳು.

ಭತ್ಯೆಯ ಪ್ರಶ್ನೆ

ಅನೇಕ ಒಪ್ಪಂದಗಳಲ್ಲಿ ಕಂಡುಬರುವ ಅಪಾಯ ಭತ್ಯೆ ಸುಲಭ ಪರಿಹಾರದಂತೆ ತೋರುತ್ತದೆ. ಆದರೆ ಭತ್ಯೆ ಕೊಟ್ಟ ಮಾತ್ರಕ್ಕೆ ಕಾನೂನಿನ ಹೊಣೆ ತೀರದು. ಪ್ರೆಸ್ಸಿಗೆ ಗಾರ್ಡ್ ಕೂರಿಸುವುದು ಬಹುಮಟ್ಟಿಗೆ ಒಮ್ಮೆಯ ವೆಚ್ಚ. ಭತ್ಯೆ ಪ್ರತಿ ತಿಂಗಳ ವೆಚ್ಚ, ಅಪಾಯವೂ ಹಾಗೆಯೇ ಉಳಿಯುತ್ತದೆ.

ಲೆಕ್ಕಪತ್ರದ ದೃಷ್ಟಿ

ವ್ಯವಹಾರಕ್ಕಾಗಿ ಕೊಂಡ ಸುರಕ್ಷತಾ ಸಾಧನಗಳ ಮೇಲಿನ ಜಿ.ಎಸ್.ಟಿ.ಗೆ ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. ಆರೋಗ್ಯ ವಿಮೆಯ ವಿಷಯ ಬೇರೆ: ಕಾನೂನಿನ ಪ್ರಕಾರ ಮಾಲೀಕರಿಗೆ ಕಡ್ಡಾಯವಾಗಿದ್ದರೆ ಸಾಮಾನ್ಯವಾಗಿ ಜಮೆ ಸಿಗುತ್ತದೆ. ಆದ್ದರಿಂದ ವಿಮೆಯ ಕಲಮನ್ನು ಒಪ್ಪುವ ಮೊದಲೇ ಅದರ ನಿಜವಾದ ವೆಚ್ಚವನ್ನು ಲೆಕ್ಕ ಹಾಕುವುದು ಒಳಿತು. ಇ.ಎಸ್.ಐ. ವ್ಯಾಪ್ತಿಗೆ ಬಾರದ ಕಾರ್ಮಿಕರ ಅಪಘಾತ ಪರಿಹಾರದ ಹೊರೆ ಮಾಲೀಕರದೇ ಎಂಬುದನ್ನೂ ಗಮನಿಸಬೇಕು.

ಸಂಧಾನಾಧಿಕಾರಿಯ ಸಮ್ಮುಖದಲ್ಲಿ ಆದ ಒಪ್ಪಂದವು ಸಂಘದ ಸದಸ್ಯರಲ್ಲದ ಕಾರ್ಮಿಕರಿಗೂ, ಮುಂದೆ ಸೇರುವವರಿಗೂ ಅನ್ವಯಿಸುತ್ತದೆ. ಹಳೆಯ ಕಾಯ್ದೆಯ ಕಲಮುಗಳನ್ನು ಹೆಸರಿಸಿರುವ ಒಪ್ಪಂದಗಳನ್ನು ಮುಂದಿನ ನವೀಕರಣದ ವೇಳೆ ಹೊಸ ಸಂಹಿತೆಗೂ ರಾಜ್ಯದ ನಿಯಮಗಳಿಗೂ ಹೊಂದಿಸಿಕೊಳ್ಳುವುದು ಉದ್ಯಮಿಗಳ ಹಿತಕ್ಕೆ ಅಗತ್ಯ.