ಗೇರ್‌ಬಾಕ್ಸಿನ ಆಧಾರ ರಬ್ಬರು: ಸ್ವರೂಪ ಮತ್ತು ಬದಲಾವಣೆಯ ಕ್ರಮ

'ಮರ' ಎಂಬ ಪ್ರಕೃತಿಯ ಮುಂದೆ 'ಅನ್ನು' ಎಂಬ ಪ್ರತ್ಯಯವು ಬಂದಾಗ ಸ್ವರಕ್ಕೆ ಸ್ವರ ಎದುರಾಗಿ ಉಚ್ಚಾರಣೆಗೆ ತೊಡಕಾಗುತ್ತದೆ. ಆಗ ವಕಾರವು ನಡುವೆ ಆಗಮವಾಗಿ ಬಂದು 'ಮರವನ್ನು' ಎಂದಾಗುವುದನ್ನು ಎಂಟನೆಯ ತರಗತಿಯ ವಿದ್ಯಾರ್ಥಿಯೂ ಬಲ್ಲನು. ಮೋಟಾರು ವಾಹನದಲ್ಲಿಯೂ ಇಂಥದೊಂದು ಸಂಧಿಸ್ಥಾನವುಂಟು. ಎಂಜಿನ್ ಮತ್ತು ಗೇರ್‌ಬಾಕ್ಸುಗಳ ಲೋಹ ಒಂದು ಕಡೆ, ಚಾಸಿಯ ಉಕ್ಕು ಮತ್ತೊಂದು ಕಡೆ. ಇವೆರಡೂ ನೇರವಾಗಿ ತಾಗದಂತೆ ನಡುವೆ ಆಗಮವಾಗಿ ನಿಂತಿರುವುದು ಅಂಗೈಯಗಲದ ಒಂದು ರಬ್ಬರ್ ಆಧಾರ. ವರ್ಕ್‌ಶಾಪಿನವರು ಇದನ್ನು ಮೌಂಟಿಂಗ್ ಎಂದು ಕರೆಯುತ್ತಾರೆ. ಇದರ ಬೆಲೆ ಅಲ್ಪ. ಆದರೆ ಇದು ಸವೆದಾಗ ದೋಷವು ತಾನಿರುವ ಎಡೆಯಲ್ಲಿ ತೋರದೆ ಕ್ಲಚ್ಚಿನಲ್ಲಿ, ಗೇರಿನ ಕಡ್ಡಿಯಲ್ಲಿ, ಹಿಂದಿನ ಚಕ್ರಗಳ ಕಡೆಯಲ್ಲಿ ಕಾಣಿಸಿಕೊಳ್ಳುವುದರಿಂದ, ಒಡೆಯನು ಕೆಡದ ಭಾಗಗಳನ್ನೆಲ್ಲ ಬಿಚ್ಚಿಸಿ ಹಣ ತೆರುವ ಸಂಭವವೇ ಹೆಚ್ಚು.

ವ್ಯಾಕರಣ ಹೇಳುವವನಿಗೆ ಗೇರ್‌ಬಾಕ್ಸಿನ ಗೊಡವೆ ಏತಕ್ಕೆಂದು ಕೆಲವರು ಕೇಳಿಯಾರು. ನಮ್ಮ ಶಾಲೆಯಿಂದ ತೇರ್ಗಡೆಯಾಗಿ ಹೋದವರಲ್ಲಿ ಅನೇಕರು ಐ.ಟಿ.ಐ. ಸೇರಿ ವರ್ಕ್‌ಶಾಪುಗಳಲ್ಲಿ ಕೆಲಸಕ್ಕೆ ನಿಲ್ಲುತ್ತಾರೆ. ದಿನಬೆಳಗಾದರೆ ವಾಹನದ ಅಡಿಗೆ ಮೈಯೊಡ್ಡುವವರು ಅವರು. ಆ ಕೆಲಸವನ್ನು ಕಾರಣಸಹಿತವಾಗಿ ಕನ್ನಡದಲ್ಲಿ ವಿವರಿಸುವ ಬರಹ ವಿರಳವೆಂಬುದೇ ಈ ಲೇಖನಕ್ಕೆ ಪ್ರೇರಣೆ.

ಉದಾಹರಣೆಗಾಗಿ ಅಮೆರಿಕದ ಷೆವರ್ಲೆ ಕಾರ್ವೆಟ್ ಎಂಬ ಕ್ರೀಡಾಕಾರನ್ನು, ಅದರಲ್ಲಿಯೂ ೧೯೬೮ರಿಂದ ೧೯೮೨ರವರೆಗೆ ತಯಾರಾದ ಮೂರನೆಯ ಪೀಳಿಗೆಯದನ್ನು, ತೆಗೆದುಕೊಳ್ಳೋಣ. ನಮ್ಮ ರಸ್ತೆಗಳಲ್ಲಿ ಇದು ಕಾಣಸಿಗುವುದು ಅಪರೂಪ. ಆದರೂ ಇದನ್ನೇ ಆರಿಸಿಕೊಳ್ಳಲು ಕಾರಣವುಂಟು. ಇದರ ಮೈ ಫೈಬರ್‌ಗ್ಲಾಸಿನದು. ಭಾರವನ್ನೆಲ್ಲ ಹೊರುವ ಉಕ್ಕಿನ ಚೌಕಟ್ಟು ಬೇರೆಯೇ ಇದೆ. ಎಂಜಿನ್ ಮುಂದೆ, ಅದರ ಬೆನ್ನಿಗೆ ಗೇರ್‌ಬಾಕ್ಸು, ಅಲ್ಲಿಂದ ಹಿಂದಕ್ಕೆ ಪ್ರೊಪೆಲ್ಲರ್ ಶಾಫ್ಟು, ಆಮೇಲೆ ಡಿಫರೆನ್ಷಿಯಲ್ ಹೀಗೆ ಎಲ್ಲವೂ ಒಂದೇ ಸಾಲಿನಲ್ಲಿ ನಿಂತಿರುವುದರಿಂದ ಯಾವುದು ಯಾವುದನ್ನು ಹೊತ್ತಿದೆ ಎಂಬುದು ಸ್ಪಷ್ಟವಾಗಿ ತಿಳಿಯುತ್ತದೆ.

ಮೊದಮೊದಲಿನ ಮೋಟಾರುಗಳಲ್ಲಿ ಎಂಜಿನ್ನನ್ನು ಚೌಕಟ್ಟಿಗೆ ನೇರವಾಗಿ ಬೋಲ್ಟು ಹಾಕಿ ಬಿಗಿಯುತ್ತಿದ್ದರು. ಅದರ ನಡುಕವೆಲ್ಲ ಕುಳಿತವರ ಮೈಗೆ ಹತ್ತುತ್ತಿತ್ತು. ಗಂಧಕ ಸೇರಿಸಿ ಕಾಯಿಸಿ ರಬ್ಬರನ್ನು ಗಟ್ಟಿಗೊಳಿಸುವ ವಿಧಾನವನ್ನು ಚಾರ್ಲ್ಸ್ ಗುಡ್‌ಇಯರ್ ೧೮೩೯ರಲ್ಲಿಯೇ ಕಂಡುಹಿಡಿದಿದ್ದರೂ, ಎಂಜಿನ್ನನ್ನು ಹೊರುವ ಕಾರ್ಯದಲ್ಲಿ ಅದರ ಮಹತ್ತ್ವವನ್ನು ಜನಸಾಮಾನ್ಯರ ಕಾರಿನಲ್ಲಿ ತೋರಿಸಿಕೊಟ್ಟುದು ಕ್ರೈಸ್ಲರ್ ಸಂಸ್ಥೆಯ ೧೯೩೧ರ ಪ್ಲಿಮತ್. ನಾಲ್ಕು ಸಿಲಿಂಡರಿನ ಆ ಎಂಜಿನ್ನನ್ನು ಅದರ ಗುರುತ್ವಕೇಂದ್ರದ ಮೂಲಕ ಹಾಯುವ ರೇಖೆಯ ಮೇಲೆ ರಬ್ಬರಿನಲ್ಲಿ ತೂಗಿ, 'ತೇಲುವ ಶಕ್ತಿ' ಎಂಬರ್ಥದ ಹೆಸರನ್ನು ಆ ಏರ್ಪಾಡಿಗೆ ಇಟ್ಟರು. ಮರುವರ್ಷವೇ ಫ್ರಾನ್ಸಿನ ಸಿಟ್ರೊಯೆನ್ ಅದನ್ನು ಪರವಾನಗಿ ಪಡೆದು ಬಳಸಿಕೊಂಡಿತು. ಹೆಸರು ಆಡಂಬರದ್ದಾದರೂ ತತ್ತ್ವ ಸರಿಯಾದುದೇ.

ಕಾರ್ವೆಟ್ಟಿನಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸುಗಳ ಜೋಡಿ ಮೂರು ನೆಲೆಗಳ ಮೇಲೆ ಕುಳಿತಿದೆ: ಎಂಜಿನ್ನಿನ ಎಡಬಲಗಳಲ್ಲಿ ಎರಡು, ಗೇರ್‌ಬಾಕ್ಸಿನ ಬಾಲದ ಅಡಿಯಲ್ಲಿ ಒಂದು. ಮೂರು ಗುಂಡುಕಲ್ಲಿನ ಒಲೆಯ ಮೇಲೆ ಮಡಕೆ ಎಂಥ ನೆಲದಲ್ಲಿಯೂ ಅಲುಗದೆ ಕೂರುತ್ತದೆ. ನಾಲ್ಕನೆಯದನ್ನು ಇಟ್ಟರೆ ಒಂದು ಕಲ್ಲು ಮೇಲೋ ಕೆಳಗೋ ಆಗಿ ಮಡಕೆ ಓಲಾಡುತ್ತದೆ. ಇಲ್ಲಿಯ ಯುಕ್ತಿಯೂ ಅದೇ. ಬಾಲದ ಕೆಳಗಿನ ಆಧಾರದಲ್ಲಿ ಎರಡು ಉಕ್ಕಿನ ತಗಡುಗಳಿವೆ. ಅವುಗಳ ನಡುವೆ ರಬ್ಬರನ್ನು ಎರಕ ಹೊಯ್ದಂತೆ ಅಂಟಿಸಿರುತ್ತಾರೆ. ಮೇಲಿನ ತಗಡು ಗೇರ್‌ಬಾಕ್ಸಿಗೆ, ಕೆಳಗಿನದು ಚೌಕಟ್ಟಿನ ಅಡ್ಡ ತೊಲೆಗೆ ಬೋಲ್ಟಿನಿಂದ ಬಂಧಿತವಾಗಿವೆ.

ಈ ಮೂರು ಆಧಾರಗಳ ಮೇಲೆ ಬೀಳುವುದು ಬರಿಯ ತೂಕವಷ್ಟೇ ಅಲ್ಲ. ಎಂಜಿನ್ ಶಾಫ್ಟನ್ನು ಒಂದು ದಿಕ್ಕಿಗೆ ತಿರುಗಿಸಿದಾಗ ಅದರ ಒಡಲು ವಿರುದ್ಧ ದಿಕ್ಕಿಗೆ ತಿರುಚಿಕೊಳ್ಳಲೆಳಸುತ್ತದೆ. ಕ್ರಿಯೆಗೆ ಪ್ರತಿಕ್ರಿಯೆ ಸಮಾನವೆಂಬ ನ್ಯೂಟನ್ನನ ನಿಯಮವೇ ಇದು. ಇಲ್ಲಿ ಬಹುಮಂದಿ ಗಮನಿಸದ ಅಂಶವೊಂದಿದೆ. ಎಂಜಿನ್ ಮತ್ತು ಗೇರ್‌ಬಾಕ್ಸು ಒಂದೇ ಒಡಲಾಗಿರುವುದರಿಂದ ಆಧಾರಗಳು ತಡೆಯಬೇಕಾದುದು ಎಂಜಿನ್ನಿನ ತಿರುಚುಬಲವನ್ನಲ್ಲ, ಗೇರ್‌ಬಾಕ್ಸಿನಿಂದ ಹೊರಬೀಳುವ ವರ್ಧಿತ ಬಲವನ್ನು. ಈ ಕಾರಿನ ನಾಲ್ಕು ಗೇರಿನ ಒಂದು ಬಗೆಯ ಪೆಟ್ಟಿಗೆಯಲ್ಲಿ ಮೊದಲ ಗೇರಿನ ಅನುಪಾತ ೨.೫೨. ಎಂದಮೇಲೆ ನಿಂತ ಕಾರನ್ನು ಹಠಾತ್ತನೆ ಓಡಿಸುವ ಗಳಿಗೆಯಲ್ಲಿ ರಬ್ಬರಿನ ಮೇಲೆ ಎಂಜಿನ್ ಹುಟ್ಟಿಸಿದುದರ ಎರಡೂವರೆ ಪಟ್ಟು ತಿರುಚು ಬೀಳುತ್ತದೆ. ಅದರ ಬಹುಪಾಲನ್ನು ಪಕ್ಕದ ಎರಡು ಆಧಾರಗಳು ಹೊರುತ್ತವೆ. ಬಾಲದ ಕೆಳಗಿನದು ತೂಕವನ್ನು ಹೊತ್ತು, ಬಾಲವು ಮೇಲಕ್ಕೂ ಪಕ್ಕಕ್ಕೂ ಕುಣಿಯದಂತೆ ಹಿಡಿಯುತ್ತದೆ.

ಬಾಲವು ಒಂದಿಷ್ಟು ಕುಸಿದರೆ ಆಗುವ ಹಾನಿಯೇನು? ಪ್ರೊಪೆಲ್ಲರ್ ಶಾಫ್ಟಿನ ಎರಡು ತುದಿಗಳಲ್ಲಿಯೂ ಯೂನಿವರ್ಸಲ್ ಜಾಯಿಂಟುಗಳಿವೆ. ಇಂಥ ಕೀಲು ಬಾಗಿ ತಿರುಗುವಾಗ, ಒಳಬರುವ ವೇಗ ಸಮವಾಗಿದ್ದರೂ ಹೊರಹೋಗುವ ವೇಗವು ಒಂದೊಂದು ಸುತ್ತಿಗೆ ಎರಡು ಸಲ ಹೆಚ್ಚಿ ಎರಡು ಸಲ ತಗ್ಗುತ್ತದೆ. ಎರಡು ಕೀಲುಗಳ ಬಾಗು ಸಮವಾಗಿದ್ದರೆ ಮೊದಲನೆಯದರ ಏರಿಳಿತವನ್ನು ಎರಡನೆಯದು ಅಳಿಸಿಹಾಕುತ್ತದೆ. ಕಾರ್ವೆಟ್ಟಿನಲ್ಲಿ ಹಿಂದಿನ ಚಕ್ರಗಳು ಏರಿಳಿದರೂ ಡಿಫರೆನ್ಷಿಯಲ್ ಏರಿಳಿಯದು. ಅದು ಚೌಕಟ್ಟಿನ ಅಂಗವಾಗಿಯೇ ನಿಂತಿದೆ. ಆದಕಾರಣ ಈ ಸಾಮ್ಯವನ್ನು ಕಾಯುವ ಹೊಣೆ ಬಹುಮಟ್ಟಿಗೆ ಆಧಾರಗಳ ಮೇಲೆಯೇ ಬಿದ್ದಿದೆ. ಮುಂದಿನ ರಬ್ಬರು ಕುಸಿದೊಡನೆ ಸಾಮ್ಯ ಕೆಟ್ಟು, ಅಳಿಯದೆ ಉಳಿದ ಏರಿಳಿತವು ನಡುಕವಾಗಿ ಬೆನ್ನಿಗೆ ತಾಗುತ್ತದೆ. ಚಕ್ರದ ಸಮತೋಲ ತಪ್ಪಿದೆಯೆಂದು ಒಡೆಯ ಟೈರಿನ ಅಂಗಡಿಗೆ ಹೋಗುವುದು ಇಲ್ಲಿಂದಲೇ.

ಆಧಾರ ಮುರಿದರೆ ಬರಿಯ ನಡುಕ, ಸದ್ದುಗಳಷ್ಟೇ ಎಂದು ಉದಾಸೀನ ಮಾಡುವವರು ೧೯೭೧ರ ಒಂದು ಘಟನೆಯನ್ನು ಅರಿಯಬೇಕು. ಆ ವರ್ಷದ ಕೊನೆಯಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯು ೧೯೬೦ರ ದಶಕದ ಉತ್ತರಾರ್ಧದಲ್ಲಿ ತಯಾರಾದ ಸುಮಾರು ೬೭ ಲಕ್ಷ ಕಾರು ಹಾಗೂ ಹಗುರ ಟ್ರಕ್ಕುಗಳನ್ನು ಎಂಜಿನ್ ಆಧಾರದ ದೋಷಕ್ಕಾಗಿ ವಾಪಸು ಕರೆಯಿಸಬೇಕಾಯಿತು. ಅವುಗಳಲ್ಲಿ ಎಡಗಡೆಯ ಆಧಾರದ ರಬ್ಬರು ತಗಡಿನಿಂದ ಕಿತ್ತು ಬಂದಾಗ, ಪ್ರತಿಕ್ರಿಯಾಬಲದಿಂದ ಎಂಜಿನ್ ಆ ಮಗ್ಗುಲಿಗೆ ಮೇಲೆದ್ದು ಆಕ್ಸಿಲರೇಟರಿನ ಸರಳನ್ನು ಎಳೆದು ಹಿಡಿಯುತ್ತಿತ್ತು. ಬ್ರೇಕಿಗೆ ನೆರವಾಗುವ ನಿರ್ವಾತದ ಕೊಳವೆಯೂ ಕಳಚಿಕೊಳ್ಳಬಹುದಾಗಿತ್ತು. ಚಾಲಕನು ಕಾಲು ತೆಗೆದರೂ ಕಾರು ನುಗ್ಗುವುದು, ಬ್ರೇಕು ಮಾತ್ರ ಕಲ್ಲಾಗುವುದು ಎಂದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಎಂಜಿನ್ ಹೆಚ್ಚು ಮೇಲೇಳದಂತೆ ಉಕ್ಕಿನ ಹಗ್ಗದಿಂದ ತಡೆಕಟ್ಟುವುದೇ ಅಂದಿನ ಪರಿಹಾರವಾಯಿತು. ಅನಂತರ ಬಂದ ಆಧಾರಗಳಲ್ಲಿ ರಬ್ಬರು ಕಿತ್ತರೂ ಎರಡು ತಗಡುಗಳು ಬೇರ್ಪಡದಂತೆ ಒಂದರೊಳಗೊಂದು ಕೊಕ್ಕೆಯಾಗಿ ಸಿಕ್ಕಿರುವ ರಚನೆಯನ್ನು ತಂದರು. ಇದು ಎಂಜಿನ್ನಿನ ಪಕ್ಕದ ಆಧಾರಗಳ ಕಥೆ. ಆದರೆ ಬಾಲದ ಆಧಾರ ಕೆಟ್ಟಾಗ ಪಕ್ಕದವುಗಳ ಮೇಲೆ ಹೆಚ್ಚಿನ ಸೆಳೆತ ಬೀಳುವುದರಿಂದ, ಒಂದನ್ನು ನೋಡುವಾಗ ಮೂರನ್ನೂ ನೋಡತಕ್ಕದ್ದು.

ರಬ್ಬರು ಕೆಡಲು ವಯಸ್ಸು ಒಂದು ಕಾರಣ, ಬಿಸಿ ಇನ್ನೊಂದು. ಈ ಕಾರಿನಲ್ಲಿ ಸೈಲೆನ್ಸರಿಗೆ ಹೋಗುವ ಪೈಪುಗಳು ಅಡ್ಡ ತೊಲೆಯ ರಂಧ್ರಗಳ ಮೂಲಕವೇ ಹಾಯುವುದುಂಟಾಗಿ ಆಧಾರಕ್ಕೆ ಕಾವು ತಪ್ಪದು. ಆದರೆ ಅದರ ನಿಜವಾದ ಶತ್ರು ಎಣ್ಣೆ. ಗೇರ್‌ಬಾಕ್ಸಿನ ಬಾಲದ ಆಯಿಲ್ ಸೀಲು ಸೋರಿದರೆ ಎಣ್ಣೆ ಇಳಿಯುವುದು ನೇರವಾಗಿ ಇದರ ಮೇಲೆಯೇ. ಸಹಜ ರಬ್ಬರು ಎಣ್ಣೆ ಕುಡಿದು ಉಬ್ಬಿ, ಮೆತ್ತಗಾಗಿ, ತಗಡಿನ ಅಂಟು ಬಿಡುತ್ತದೆ. ಸೋರುವ ಸೀಲನ್ನು ಹಾಗೆಯೇ ಬಿಟ್ಟು ಹೊಸ ಆಧಾರವನ್ನು ಹಾಕುವುದು ಸೂರು ಸೋರುವ ಮನೆಗೆ ಸುಣ್ಣ ಬಳಿದಂತೆ.

ಸವೆತವನ್ನು ಅರಿಯುವ ಬಗೆ ಹೀಗೆ. ಕ್ಲಚ್ಚು ಬಿಡುವಾಗ, ಅಥವಾ ಆಟೋಮ್ಯಾಟಿಕ್ ಆಗಿದ್ದರೆ ಮುಂದಿನ ಗೇರಿನಿಂದ ಹಿಂದಿನದಕ್ಕೆ ಹಾಕುವಾಗ, ಅಡಿಯಿಂದ 'ಟಕ್' ಎಂಬ ಒಂದೇ ಪೆಟ್ಟು ಕೇಳಿಬರುತ್ತದೆ. ಆಕ್ಸಿಲರೇಟರ್ ತುಳಿದಾಗಲೂ ಬಿಟ್ಟಾಗಲೂ ಗೇರಿನ ಕಡ್ಡಿ ತಾನಾಗಿ ಜರುಗುತ್ತದೆ. ಸಂದೇಹ ಬಂದರೆ ಕಾರನ್ನು ಎತ್ತಿ ಭದ್ರವಾಗಿ ನಿಲ್ಲಿಸಿ, ಗೇರ್‌ಬಾಕ್ಸಿನ ಬಾಲವನ್ನು ಜಾಕಿನಿಂದ ಮೆಲ್ಲನೆ ಎತ್ತಿ ನೋಡಬೇಕು. ರಬ್ಬರು ಹಿಗ್ಗುತ್ತಾ ಬಂದರೆ ಕ್ಷೇಮ. ಮೇಲಿನ ತಗಡು ಮಾತ್ರ ಎದ್ದು ರಬ್ಬರು ಕೆಳಗೇ ಉಳಿದರೆ ಬೇರೆ ಪರೀಕ್ಷೆ ಬೇಕಿಲ್ಲ.

ಇನ್ನು ಬದಲಾಯಿಸುವ ಕ್ರಮ. ಎಲ್ಲಕ್ಕೂ ಮೊದಲಿನ ಮಾತು ಪ್ರಾಣದ್ದು. ಜಾಕು ಎತ್ತುವ ಸಾಧನವೇ ಹೊರತು ಹೊತ್ತು ನಿಲ್ಲುವ ಸಾಧನವಲ್ಲ. ಸುಮಾರು ಒಂದೂವರೆ ಟನ್ ತೂಕದ ಕಾರನ್ನು ಹೈಡ್ರಾಲಿಕ್ ಜಾಕು ಎತ್ತಿ ಹಿಡಿದಿರುವುದು ಅದರೊಳಗಿನ ಒಂದು ಚಿಕ್ಕ ಸೀಲಿನ ಬಲದಿಂದ. ಆ ಸೀಲು ಯಾವ ಗಳಿಗೆಯಲ್ಲಿ ಸೋತೀತೆಂದು ಯಾರೂ ಹೇಳಲಾರರು. ಸಮತಟ್ಟಾದ ಗಟ್ಟಿ ನೆಲದಲ್ಲಿ ಚಕ್ರಗಳಿಗೆ ಅಡೆ ಕೊಟ್ಟು, ಚೌಕಟ್ಟಿನ ಅಡಿಗೆ ಉಕ್ಕಿನ ಸ್ಟ್ಯಾಂಡುಗಳನ್ನು ನಿಲ್ಲಿಸಿ, ಭಾರವನ್ನು ಅವುಗಳ ಮೇಲಿಳಿಸಿ, ಕೈಯಿಂದ ಬಲವಾಗಿ ಅಲುಗಿಸಿ ನೋಡಿದ ಮೇಲೆಯೇ ಒಳಗೆ ನುಸುಳಬೇಕು. ಇಟ್ಟಿಗೆ, ಸಿಮೆಂಟಿನ ಪೊಳ್ಳು ಕಲ್ಲುಗಳು ಮುನ್ಸೂಚನೆಯಿಲ್ಲದೆ ಸಿಡಿಯುವುವು. ಅವುಗಳನ್ನು ಸರ್ವಥಾ ಬಳಸಕೂಡದು. ಅವಸರದ ಒಡೆಯ, ಬಾಡಿಗೆ ಜಾಕು, ಹದಿನೆಂಟರ ಹುಡುಗ ಇವು ಮೂರೂ ಸೇರಿದ ವರ್ಕ್‌ಶಾಪಿನಲ್ಲಿ ಈ ನಿಯಮವನ್ನು ಗಟ್ಟಿಯಾಗಿ ಹೇಳುವ ಹಿರಿಯನೊಬ್ಬ ಇರಲೇಬೇಕು. ಅಂಥವನಿಲ್ಲದೆಡೆ ಹುಡುಗನೇ 'ಸ್ಟ್ಯಾಂಡಿಲ್ಲದೆ ಇಳಿಯೆನು' ಎನ್ನುವುದು ಅವಿಧೇಯತೆಯಲ್ಲ.

ಬೋಲ್ಟುಗಳು ತುಕ್ಕು ಹಿಡಿದಿರುವುದು ಸಹಜವಾದ್ದರಿಂದ ಹಿಂದಿನ ರಾತ್ರಿಯೇ ತುಕ್ಕುಬಿಡಿಸುವ ಎಣ್ಣೆಯನ್ನು ಊಡಿಸಿಡುವುದು ಲೇಸು. ಕಾರು ಆರಿರಬೇಕು, ಬಿಸಿ ಪೈಪು ಕೈಯನ್ನು ಸುಡದೆ ಬಿಡದು. ಬ್ಯಾಟರಿಯ ಋಣಾಗ್ರವನ್ನು ಕಳಚಿ, ಇನ್ನೊಂದು ಜಾಕಿನ ಮೇಲೆ ಮರದ ಹಲಗೆಯಿಟ್ಟು ಗೇರ್‌ಬಾಕ್ಸಿನ ಬಾಲಕ್ಕೆ ಆನಿಸಬೇಕು. ಆಟೋಮ್ಯಾಟಿಕ್ಕಿನಲ್ಲಿ ಅಡಿಯ ಎಣ್ಣೆತಟ್ಟೆ ತೆಳುತಗಡಿನದು. ಭಾರ ಅದರ ಮೇಲೆ ಬಿದ್ದರೆ ಕುಳಿಬೀಳುತ್ತದೆ. ರಬ್ಬರಿನ ಮೇಲಿನ ತೂಕ ಇಳಿಯುವಷ್ಟೇ ಎತ್ತಿ, ಮೊದಲು ಅಡ್ಡ ತೊಲೆಯ ಕಡೆಯ, ಅನಂತರ ಗೇರ್‌ಬಾಕ್ಸಿನ ಕಡೆಯ ಬೋಲ್ಟುಗಳನ್ನು ಬಿಚ್ಚಬೇಕು.

ಇಲ್ಲಿ ಎರಡು ಬಗೆಯ ಕಾರ್ವೆಟ್ಟುಗಳು ಬೇರೆಯಾಗುತ್ತವೆ. ಆಟೋಮ್ಯಾಟಿಕ್ ಕಾರಿನಲ್ಲಿ ಅಡ್ಡ ತೊಲೆಯನ್ನು ಬೋಲ್ಟಿನಿಂದ ಕೂಡಿಸಿರುವುದರಿಂದ ಅದನ್ನು ಕಳಚಿ ತೆಗೆಯಬಹುದು. ಕೈಗೇರಿನದರಲ್ಲಿ ತೊಲೆಯನ್ನು ಚೌಕಟ್ಟಿಗೆ ಬೆಸುಗೆ ಹಾಕಿರುತ್ತಾರೆ. ಆದ್ದರಿಂದ ಅದರಲ್ಲಿ ಬಾಲವನ್ನು ಇನ್ನಷ್ಟು ಎತ್ತಿ, ಆ ಸಂದಿಯಿಂದ ಹಳೆಯ ಆಧಾರವನ್ನು ಜಾರಿಸಿ ತೆಗೆಯುವುದೊಂದೇ ದಾರಿ. ಎತ್ತುವಾಗ ಮುಂದೆ ಒಬ್ಬನು ನಿಂತು ಎಂಜಿನ್ನನ್ನು ನೋಡುತ್ತಿರಬೇಕು. ಬಾಲ ಎದ್ದಂತೆ ಮೂತಿ ತಗ್ಗಿ ಫ್ಯಾನು ತನ್ನ ಸುತ್ತುಗವಸಿಗೆ ತಾಗಬಹುದು. ಆಧಾರವಿಲ್ಲದೆ ಬಾಲವನ್ನು ಕೆಳಕ್ಕೆ ಬಿಟ್ಟರೆ ಎಂಜಿನ್ನಿನ ಹಿಂಬದಿಯಲ್ಲಿರುವ ಡಿಸ್ಟ್ರಿಬ್ಯೂಟರು ಹಿಂದಣ ಗೋಡೆಗೆ ಬಡಿದು ಒಡೆಯಬಹುದು.

ಹೊರಬಂದ ಹಳೆಯದನ್ನು ಹೊಸದರ ಪಕ್ಕದಲ್ಲಿಟ್ಟು ರಂಧ್ರಗಳ ಅಂತರವನ್ನೂ ಎತ್ತರವನ್ನೂ ಹೋಲಿಸಬೇಕು. ಹಳೆಯದು ಕುಸಿದು ತಗ್ಗಾಗಿರುವುದು ಸಹಜ. ಆದರೆ ಹೊಸದು ತೀರ ಎತ್ತರವಾಗಿದ್ದರೆ ಮೇಲೆ ಹೇಳಿದ ಬಾಗುಗಳ ಸಾಮ್ಯವು ಈಗ ಮತ್ತೊಂದು ದಿಕ್ಕಿಗೆ ಕೆಡುವುದು. ಕೈಗೇರಿನ ಪೆಟ್ಟಿಗೆಯ ಬಾಲ ಅಲ್ಯೂಮಿನಿಯಮ್ಮಿನದು. ಬೋಲ್ಟಿನ ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಬೇಕು. ಓರೆಯಾಗಿ ಹತ್ತಿದ ಉಕ್ಕಿನ ಬೋಲ್ಟು ಸ್ಪ್ಯಾನರಿನ ಒಂದೇ ಎಳೆತಕ್ಕೆ ಮೃದುಲೋಹದ ಮರೆಯನ್ನು ತಿಂದುಹಾಕುತ್ತದೆ. ಎಲ್ಲ ಬೋಲ್ಟುಗಳನ್ನೂ ಸಡಿಲವಾಗಿ ಕೂರಿಸಿ, ಜಾಕನ್ನು ಇಳಿಸಿ, ತೂಕವು ಪೂರ್ತಿ ರಬ್ಬರಿನ ಮೇಲೆ ಬಂದ ಬಳಿಕ ಬಾಲವನ್ನು ಒಂದೆರಡು ಸಲ ಅಲುಗಿಸಿ, ಅದು ತನ್ನ ನೆಲೆಯನ್ನು ತಾನೇ ಕಂಡುಕೊಂಡ ಮೇಲೆ ಕೈಪಿಡಿಯಲ್ಲಿ ಹೇಳಿದ ಅಳತೆಗೆ ಬಿಗಿಯಬೇಕು. ತೂಕ ಬರುವ ಮುನ್ನವೇ ಬಿಗಿದರೆ ರಬ್ಬರು ಹುಟ್ಟಿನಿಂದಲೇ ಸೊಟ್ಟಗೆ ತಿರುಚಿಕೊಂಡು ನಿಲ್ಲುತ್ತದೆ. ಹೊಸದು ಬೇಗನೆ ಹರಿದುಹೋಗುವುದಕ್ಕೆ ಈ ಆತುರವೂ ಕಾರಣವಾಗುತ್ತದೆ.

ರಬ್ಬರಿಗೆ ಬದಲಾಗಿ ಪಾಲಿಯುರಿಥೇನ್ ಎಂಬ ಗಡುಸು ವಸ್ತುವಿನ ಆಧಾರಗಳು ಈಗ ದೊರೆಯುತ್ತವೆ. ಅವುಗಳಿಗೆ ಎಣ್ಣೆಯ ಭಯ ಕಡಿಮೆ. ಗೇರಿನ ಕಡ್ಡಿಯೂ ಬಿಗಿಯಾಗಿ ನಿಲ್ಲುತ್ತದೆ. ಪಂದ್ಯದಲ್ಲಿ ಓಡಿಸುವವರು ಅವನ್ನು ಮೆಚ್ಚುವುದು ನ್ಯಾಯವೇ. ಆದರೆ ನಡುಕವನ್ನು ನುಂಗುವ ಗುಣ ಅವುಗಳಲ್ಲಿ ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಎಂಜಿನ್ನಿನ ಪಕ್ಕದ ಎರಡನ್ನು ಮೃದುವಾಗಿಯೇ ಉಳಿಸಿ ಬಾಲದ್ದೊಂದನ್ನು ಕಲ್ಲಿನಂತೆ ಗಡುಸು ಮಾಡಿದರೆ, ಎಂಜಿನ್ ತಿರುಚಿಕೊಂಡಾಗಲೆಲ್ಲ ಆ ಬಲವು ಬಗ್ಗದ ಬಾಲದಲ್ಲಿ ನೆಲೆಸಿ ಗೇರ್‌ಬಾಕ್ಸಿನ ಒಡಲನ್ನೇ ಸೀಳಬಹುದು. ರಸ್ತೆಯ ಕಾರಿಗೆ ಮೂಲದ ರಬ್ಬರೇ ಯೋಗ್ಯವೆಂಬುದು ನನ್ನ ಅಭಿಪ್ರಾಯ. ಗಡುಸನ್ನು ಬಯಸುವವರು ಮೂರನ್ನೂ ಒಂದೇ ಬಗೆಯವನ್ನಾಗಿ ಮಾಡಿಕೊಳ್ಳಲಿ.

ಕೆಲಸ ಮುಗಿದ ಮೇಲೆ ಕಾರನ್ನು ನಿಧಾನವಾಗಿ ಓಡಿಸಿ, ಗೇರು ಹಾಕುವಾಗಲೂ ಬಿಡುವಾಗಲೂ ಕಿವಿಗೊಡಬೇಕು. ಕೆಲವು ನೂರು ಕಿಲೋಮೀಟರು ಓಡಿದ ಬಳಿಕ ಮತ್ತೆ ಸ್ಟ್ಯಾಂಡಿನ ಮೇಲೇರಿಸಿ ಬೋಲ್ಟುಗಳ ಬಿಗಿಯನ್ನೂ, ಸೀಲಿನ ಬಳಿ ಎಣ್ಣೆಯ ಪಸೆಯಿದೆಯೇ ಎಂಬುದನ್ನೂ ನೋಡತಕ್ಕದ್ದು. 'ಟಕ್' ಎಂಬ ಪೆಟ್ಟು ಆಗಲೂ ಉಳಿದಿದ್ದರೆ ಮುಂದೆ ಕೈಹಾಕಬೇಕಾದುದು ಯೂನಿವರ್ಸಲ್ ಜಾಯಿಂಟುಗಳಿಗೆ. ಶಾಫ್ಟನ್ನು ಕೈಯಲ್ಲಿ ಹಿಡಿದು ಹಿಂದುಮುಂದಾಗಿ ತಿರುವಿದರೆ ಅಲ್ಲಿಯ ಸಡಿಲು ಬೆರಳಿಗೇ ತಿಳಿಯುತ್ತದೆ.